ಕಾಫಿಗೆ ರೇಟ್ ಬಂದಿದೆ, ದೊಡ್ಡ ಎಸ್‌ಯುವಿ ತಗೊಳ್ಳಬೇಕಾ? ನಮ್ಮ ಕೊಡಗಿನ ರಸ್ತೆಗೆ ನಿಜವಾಗಿ ಸೇಫ್ ಯಾವುದು?

ನಾಪೋಕ್ಲು ರೊಬಸ್ಟಾ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾಪೋಕ್ಲು ಹತ್ತಿರ ನಮ್ಮ ತೋಟ. ಮನೆಯಲ್ಲಿ ಒಂದು ಹಳೇ ಸಣ್ಣ ಕಾರು, ತೋಟದ ಕೆಲಸಕ್ಕೆ ಒಂದು ಪಿಕಪ್ ಇದೆ. ಕಾಫಿಗೆ ಒಳ್ಳೆ ರೇಟ್ ಬಂದ ಮೇಲೆ ಬ್ಯಾಂಕಿನ ಸಾಲ ತೀರಿಸಿದೆವು, ಕೈಯಲ್ಲಿ ಸ್ವಲ್ಪ ಉಳಿದಿದೆ. ಈಗ ಮನೆಗೆ ಒಂದು ಒಳ್ಳೆ ಗಾಡಿ ಬೇಕು. ಭಾವನದು ಒಂದೇ ಮಾತು, ತಗೊಂಡರೆ ಫಾರ್ಚುನರ್ ಥರದ್ದು ತಗೋ, ಇಲ್ಲದಿದ್ದರೆ ಸುಮ್ಮನಿರು. ದೊಡ್ಡ ಗಾಡಿ ಆದರೆ ಎಲ್ಲಿ ಗುದ್ದಿದರೂ ಒಳಗಿದ್ದವರಿಗೆ ಏನೂ ಆಗಲ್ಲ ಅನ್ನುತ್ತಾರೆ. ಹೆಂಡತಿಗೆ ಅಷ್ಟು ದೊಡ್ಡದು ಬೇಡ. ನಮ್ಮಲ್ಲಿ ಅವಳೇ ಜಾಸ್ತಿ ಓಡಿಸುವುದು, ಹಾಗಾಗಿ ಅವಳ ಮಾತನ್ನು ತೆಗೆದುಹಾಕುವ ಹಾಗಿಲ್ಲ.

ನಮ್ಮ ಓಡಾಟ ಹೀಗಿದೆ. ದಿನಾ ಮಕ್ಕಳನ್ನು ಸ್ಕೂಲಿಗೆ ಬಿಡುವುದು, ಕರೆತರುವುದು, ಸಂತೆ, ಬ್ಯಾಂಕು. ಎಲ್ಲ ಹತ್ತು ಕಿಲೋಮೀಟರ್ ಒಳಗೆ. ತಿಂಗಳಿಗೊಮ್ಮೆ ಅಮ್ಮನನ್ನು ಮೈಸೂರಿಗೆ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಬೇಕು, ಅವರಿಗೆ ಮಂಡಿ ನೋವು ಜಾಸ್ತಿ. ಡಾಂಬರು ರಸ್ತೆಯಿಂದ ಮನೆವರೆಗೆ ಮಣ್ಣಿನ ದಾರಿ, ನಡುವೆ ಒಂದು ಏರು. ಕಕ್ಕಡದ, ಅಂದರೆ ಜುಲೈ-ಆಗಸ್ಟ್‌ನ, ಮಳೆಯಲ್ಲಿ ಅಲ್ಲಿ ಸಣ್ಣ ಕಾರು ನಿಂತೇ ಹೋಗುತ್ತದೆ, ಪಿಕಪ್ ಕೂಡ ಖಾಲಿ ಇದ್ದರೆ ಹಿಂದೆ ಜಾರುತ್ತದೆ.

ಇನ್ನೊಂದು ವಿಷಯ ಮುಚ್ಚಿಡಲ್ಲ. ಸಮಾಜದ ಮದುವೆ ಮಂಟಪಕ್ಕೆ ಹೋದಾಗ ಅಲ್ಲಿ ನಿಂತಿರುವ ಗಾಡಿಗಳನ್ನು ನೋಡಿದರೆ ನನಗೂ ಆಸೆ ಆಗುತ್ತದೆ. ಅಪ್ಪ ಇಡೀ ಜೀವನ ಹಳೇ ಜೀಪಿನಲ್ಲೇ ಕಳೆದರು, ರೇಟ್ ಬಿದ್ದ ವರ್ಷಗಳಲ್ಲಿ ಅದರ ಟಯರಿಗೂ ದುಡ್ಡಿರಲಿಲ್ಲ. ಆದರೆ ಬರೀ ಆಸೆಗೆ ಅರ್ಧ ಕೋಟಿ ಹಾಕುವ ಸ್ಥಿತಿ ನಮ್ಮದಲ್ಲ. ದೊಡ್ಡದು ಅಂದರೆ ಸೇಫ್ ಅನ್ನುವುದು ನಿಜವಾ? ಹತ್ತು ವರ್ಷ ತೊಂದರೆ ಕೊಡದೆ ಓಡುತ್ತದಾ? ಓಡಿಸಿ ಅನುಭವ ಇದ್ದವರು ಹೇಳಿ.

ಪೊನ್ನಂಪೇಟೆ ಫೋರ್ ಬೈ ಫೋರ್:

ಯೋಚನೆ ಬೇಡ, ದೊಡ್ಡದೇ ತಗೊಳ್ಳಿ. ನಾನು ಸಣ್ಣ ಕಾರಿನಿಂದ ದೊಡ್ಡ ಗಾಡಿಗೆ ಬಂದವನು, ಇನ್ನು ವಾಪಸ್ ಹೋಗಲ್ಲ. ಎತ್ತರದಲ್ಲಿ ಕೂತರೆ ಬೇಲಿಯ ಆಚೆ ಬರುವ ಗಾಡಿ ಮೊದಲೇ ಕಾಣುತ್ತದೆ. ತಿತಿಮತಿ ಕಡೆ ಸಂಜೆ ಹೊತ್ತಿನಲ್ಲಿ ರಸ್ತೆ ಬದಿ ಆನೆ ನಿಂತಿದ್ದರೂ ದೂರದಿಂದಲೇ ಗೊತ್ತಾಗುತ್ತದೆ. ಗುಂಡಿಗೆ ಬಿದ್ದರೂ ಬೆನ್ನಿಗೆ ಪೆಟ್ಟು ಬೀಳಲ್ಲ.

ಸೇಫ್ಟಿ ಬಗ್ಗೆ ಭಾವ ಹೇಳಿದ್ದು ಸುಳ್ಳಲ್ಲ. ಫಾರ್ಚುನರ್ ಎರಡು ಟನ್‌ಗಿಂತ ಜಾಸ್ತಿ ತೂಗುತ್ತದೆ, ಒಂದು ಆಲ್ಟೊ ಮುಕ್ಕಾಲು ಟನ್ ಆಸುಪಾಸು. ಎದುರುಬದುರು ಗುದ್ದಿದರೆ ಭಾರ ಇರುವ ಗಾಡಿಯಲ್ಲಿ ಕೂತವರಿಗೆ ಪೆಟ್ಟು ಕಮ್ಮಿ. ಇದಕ್ಕೆ ಯಾರ ಅಭಿಪ್ರಾಯವೂ ಬೇಕಿಲ್ಲ, ಲೆಕ್ಕ ಅದು. ಗಾಡಿ ಬಿಡದಿಯಲ್ಲೇ ತಯಾರಾಗುತ್ತದೆ, ಪಾರ್ಟ್ಸ್‌ಗೆ ತೊಂದರೆ ಇಲ್ಲ, ಮಾರುವಾಗ ಒಳ್ಳೆ ಬೆಲೆಯೂ ಸಿಗುತ್ತದೆ.

ಆಸೆ ಬಗ್ಗೆಯೂ ಹೇಳುತ್ತೇನೆ. ಹತ್ತಾರು ವರ್ಷ ಕಳೆ ಕಿತ್ತು, ಗೊಬ್ಬರ ಹಾಕಿ, ಕೊಯ್ಲಿಗೆ ಆಳು ಸಿಗದೆ ಒದ್ದಾಡಿದ ಮೇಲೆ ಒಂದು ಒಳ್ಳೆ ಗಾಡಿ ಅಂಗಳಕ್ಕೆ ಬಂದರೆ ಅದರಲ್ಲಿ ತಪ್ಪೇನು? ಹಿಂದೆ ಒಂದು ಊರಿಗೆ ಒಂದು ಜೀಪ್ ಇದ್ದಾಗ ಅದೂ ಗೌರವದ ವಿಷಯವೇ ಆಗಿತ್ತು. ನಿಮ್ಮ ಅಪ್ಪ ಪಡಬೇಕಿದ್ದ ಸಂತೋಷ ಅಮ್ಮನಾದರೂ ಪಡಲಿ.

ಗೋಣಿಕೊಪ್ಪ ಸ್ಪ್ಯಾನರ್:

ನಾನು ಗ್ಯಾರೇಜ್‌ನಲ್ಲಿ ಕೆಲಸ ಮಾಡುವವನು. ಯಾವ ಕಂಪನಿಯ ಪರವೂ ಇಲ್ಲ, ವಿರೋಧವೂ ಇಲ್ಲ. ನೀವು ಕೇಳಿದ ಎರಡನೇ ಪ್ರಶ್ನೆಗೆ, ಅಂದರೆ ಹತ್ತು ವರ್ಷ ಓಡುತ್ತದಾ ಅನ್ನುವುದಕ್ಕೆ, ನಿಮ್ಮ ಓಡಾಟದ ಸಾಲಿನಲ್ಲೇ ಉತ್ತರ ಇದೆ. ಎಲ್ಲ ಹತ್ತು ಕಿಲೋಮೀಟರ್ ಒಳಗೆ ಅಂದಿರಿ ಅಲ್ವಾ, ಅದೇ ಡೀಸೆಲ್ ಗಾಡಿಗೆ ಕಷ್ಟ.

2020ರ ಏಪ್ರಿಲ್‌ನಿಂದ ಹೊಗೆ ಮಿತಿಯ ಹೊಸ ನಿಯಮ ಬಿಎಸ್ 6 ಬಂತು. ಆಮೇಲೆ ಬಂದ ಡೀಸೆಲ್ ಗಾಡಿಗಳ ಸೈಲೆನ್ಸರ್ ಸಾಲಿನಲ್ಲಿ ಡಿಪಿಎಫ್ ಅಂತ ಒಂದು ಫಿಲ್ಟರ್ ಇರುತ್ತದೆ. ಹೊಗೆಯಲ್ಲಿರುವ ಮಸಿ ಅದರಲ್ಲಿ ಕೂರುತ್ತದೆ. ಗಾಡಿ ಚೆನ್ನಾಗಿ ಬಿಸಿಯಾಗಿ ಒಂದೇ ವೇಗದಲ್ಲಿ ಸ್ವಲ್ಪ ಹೊತ್ತು ಓಡಿದಾಗ ಆ ಮಸಿ ಸುಟ್ಟುಹೋಗುತ್ತದೆ, ಅದಕ್ಕೆ ಫಿಲ್ಟರ್ ಒಳಗೆ ಸುಮಾರು 600 ಡಿಗ್ರಿ ಬಿಸಿ ಬೇಕು. ನಮ್ಮಲ್ಲಿ ಏನಾಗುತ್ತದೆ? ಬೆಳಿಗ್ಗೆ ತಣ್ಣನೆ ಎಂಜಿನ್, ಸೆಕೆಂಡ್ ಗೇರ್, ಥರ್ಡ್ ಗೇರ್, ತಿರುವು, ಸ್ಕೂಲ್ ಗೇಟು, ಆಫ್. ಮಸಿ ಸುಡಲು ಶುರುವಾಗುವಷ್ಟರಲ್ಲಿ ಗಾಡಿ ನಿಂತಿರುತ್ತದೆ. ಹೀಗೆ ಪದೇಪದೇ ಆದರೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಸುಡುವುದಕ್ಕೆ ಅಂತ ಹೆಚ್ಚಾಗಿ ಬಿಟ್ಟ ಡೀಸೆಲ್ ಎಷ್ಟೋ ಎಂಜಿನ್‌ಗಳಲ್ಲಿ ಸಿಲಿಂಡರ್ ಗೋಡೆಯಿಂದ ಕೆಳಗಿಳಿದು ಎಂಜಿನ್ ಆಯಿಲ್‌ಗೆ ಸೇರುತ್ತದೆ. ಅಂಥ ಗಾಡಿ ನಮ್ಮ ಹತ್ತಿರ ಬಂದಾಗ ಮೊದಲು ಆಯಿಲ್ ಕಡ್ಡಿ ಎಳೆದು ನೋಡುತ್ತೇನೆ. ಆಯಿಲ್ ಕಮ್ಮಿಯಾಗುವ ಬದಲು ಮೇಲಿನ ಗೆರೆ ದಾಟಿ ಏರಿರುತ್ತದೆ, ಬೆರಳಲ್ಲಿ ತಿಕ್ಕಿದರೆ ನೀರಾಗಿರುತ್ತದೆ, ಮೂಸಿದರೆ ಡೀಸೆಲ್ ವಾಸನೆ. ಅಂಥ ಆಯಿಲ್‌ನಲ್ಲಿ ಓಡಿಸಿದರೆ ಟರ್ಬೊ, ಬೇರಿಂಗ್ ಯಾವುದೂ ಬಾಳಲ್ಲ.

ಇದು ಗಾಡಿಯ ದೋಷ ಅಲ್ಲ. ದಿನಾ ಹೈವೇಯಲ್ಲಿ ಓಡುವವರಿಗೆ ಅದೇ ಎಂಜಿನ್ ಲಕ್ಷಗಟ್ಟಲೆ ಕಿಲೋಮೀಟರ್ ಓಡುತ್ತದೆ. ನೀವು ಡೀಸೆಲ್ಲೇ ತಗೊಂಡರೆ ತಿಂಗಳಿಗೊಮ್ಮೆಯ ಮೈಸೂರು ಪ್ರಯಾಣ ಸ್ವಲ್ಪ ಕಾಪಾಡುತ್ತದೆ, ಕುಶಾಲನಗರ ದಾಟಿದ ಮೇಲೆ ಒಂದೇ ವೇಗ ಸಿಗುತ್ತದೆ. ನಡುವೆ ಡಿಪಿಎಫ್ ಲೈಟ್ ಬಂದರೆ ಅವತ್ತೇ ಹೋಗಿ ಓಡಿಸಿ ಬರಬೇಕು, ನಾಳೆ ನೋಡೋಣ ಅನ್ನುವ ಹಾಗಿಲ್ಲ. ಅದು ಬೇಡ ಅಂದರೆ ಪೆಟ್ರೋಲ್ ನೋಡಿ.

ಇನ್ನು ಜನ ಗಮನಿಸದ ಒಂದು ವಿಷಯ. ದೊಡ್ಡ ಗಾಡಿ ಅಂದರೆ ನಾಲ್ಕೂ ಚಕ್ರ ತಿರುಗುತ್ತವೆ ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ಫಾರ್ಚುನರ್‌ನಲ್ಲಿ ಫೋರ್ ಬೈ ಟು ಮಾದರಿಯೂ ಇದೆ, ಅದರಲ್ಲಿ ಹಿಂದಿನ ಎರಡು ಚಕ್ರ ಮಾತ್ರ ತಳ್ಳುವುದು. ಹಿಂದೆ ಭಾರ ಇಲ್ಲದೆ ಕೆಸರಿನ ಏರಿಗೆ ಹೋದರೆ ಅದೂ ನಿಮ್ಮ ಪಿಕಪ್ ಹಾಗೆಯೇ ಜಾರುತ್ತದೆ. ಸಫಾರಿ, ಹ್ಯಾರಿಯರ್ ಡೀಸೆಲ್‌ಗಳಲ್ಲಿ ಮುಂದಿನ ಚಕ್ರಕ್ಕೆ ಮಾತ್ರ ಶಕ್ತಿ. ಹಾಗಾಗಿ ನಲವತ್ತು ಲಕ್ಷದ ಗಾಡಿ ಮನೆ ದಾರಿಯಲ್ಲಿ ನಿಂತು, ಪಕ್ಕದ ತೋಟದ ಹಳೇ ಮಾರುತಿ ಜಿಪ್ಸಿ ಜೀಪ್ ಬಂದು ಎಳೆಯುವ ಪರಿಸ್ಥಿತಿ ಬರಬಹುದು. ಒಂದು ಟನ್ ಕೂಡ ತೂಗದ ಆ ಜಿಪ್ಸಿ ಯಾಕೆ ಹತ್ತುತ್ತದೆ? ನಾಲ್ಕೂ ಚಕ್ರಕ್ಕೆ ಶಕ್ತಿ ಇದೆ, ನಿಧಾನಕ್ಕೆ ಹೆಚ್ಚು ಬಲದಿಂದ ಎಳೆಯುವ ಲೋ ಗೇರ್ ಇದೆ, ಮೈ ಹಗುರ. ಕೆಸರಿನಲ್ಲಿ ತೂಕ ಅನ್ನುವುದು ಶತ್ರು.

ಅಮ್ಮತ್ತಿ ಟೀಚರ್:

ನಾಪೋಕ್ಲು ಅಣ್ಣ, ನಿಮ್ಮ ಹೆಂಡತಿ ಹೇಳಿದ್ದರ ಪರವಾಗಿ ನಾನು ಬರೆಯುತ್ತಿದ್ದೇನೆ. ಇಲ್ಲಿ ಎಲ್ಲರೂ ಸೇಫ್ಟಿ ಅಂದರೆ ಗಾಡಿಯ ಒಳಗೆ ಕೂತವರ ಸೇಫ್ಟಿ ಅಂತಲೇ ಮಾತಾಡುತ್ತಿದ್ದೀರಿ. ಹೊರಗೆ ನಡೆದುಕೊಂಡು ಹೋಗುವವರ ಲೆಕ್ಕ ಯಾರು ಇಡುತ್ತಾರೆ?

ನಮ್ಮ ಸ್ಕೂಲಿಗೆ ತೋಟದ ಕೆಲಸಗಾರರ ಲೈನ್ ಮನೆಗಳಿಂದ ಬರುವ ಮಕ್ಕಳು ನಡೆದೇ ಬರುತ್ತಾರೆ. ಜೂನ್ ಜುಲೈನಲ್ಲಿ ಒಂದು ಕೊಡೆ ಕೆಳಗೆ ಇಬ್ಬರು ಮೂವರು. ರಸ್ತೆಗೆ ಫುಟ್‌ಪಾತ್ ಇಲ್ಲ, ಒಂದು ಕಡೆ ಬೇಲಿ, ಇನ್ನೊಂದು ಕಡೆ ನೀರು ಹರಿಯುವ ಚರಂಡಿ, ಅಂಚಿನಲ್ಲಿ ಪಾಚಿ. ದೊಡ್ಡ ಗಾಡಿ ಬಂದರೆ ಮಕ್ಕಳು ಚರಂಡಿಗೆ ಇಳಿಯಬೇಕು, ಇಳಿದೇ ನಿಲ್ಲುತ್ತಾರೆ. ಗಾಡಿ ಹೋದ ಮೇಲೆ ಒದ್ದೆ ಶೂಗಳಲ್ಲಿ ಕ್ಲಾಸಿಗೆ ಬರುತ್ತಾರೆ. ಇದು ಮಳೆಗಾಲದಲ್ಲಿ ನಾನು ದಿನಾ ನೋಡುವ ವಿಷಯ.

ಅಗಲದ ಲೆಕ್ಕ ಹಾಕಿ ನೋಡಿ. ಹಳ್ಳಿಯ ಒಂಟಿ ರಸ್ತೆಯ ಡಾಂಬರು ಸಾಮಾನ್ಯವಾಗಿ 3.75 ಮೀಟರ್, ಕೆಲವು ಕಡೆ ಮೂರೇ ಮೀಟರ್. ಫಾರ್ಚುನರ್ ಅಗಲ 1,855 ಮಿಲಿಮೀಟರ್, ಅದೂ ಕನ್ನಡಿ ಬಿಟ್ಟು. ಅಂಥ ಎರಡು ಗಾಡಿ ಎದುರಾದರೆ ಎರಡೂ ಸೇರಿ 3.71 ಮೀಟರ್. ಕನ್ನಡಿ ಸೇರಿಸಿದರೆ ರಸ್ತೆ ಮುಗಿಯಿತು. ಸ್ಕಾರ್ಪಿಯೊ ಎನ್ ಇನ್ನೂ ಅಗಲ, 1,917. ಒಬ್ಬರು ಅಂಚಿಗೆ ಇಳಿಯಲೇಬೇಕು, ಮಳೆಯಲ್ಲಿ ಆ ಅಂಚು ಕುಸಿಯುತ್ತದೆ. ಇಲ್ಲಾಂದರೆ ಯಾರಾದರೂ ಒಂದು ತೋಟದ ಗೇಟ್‌ವರೆಗೆ ರಿವರ್ಸ್ ಹೋಗಬೇಕು.

ಇನ್ನೊಂದು ಬಾನೆಟ್ ಎತ್ತರ. ಅಮೆರಿಕದಲ್ಲಿ ರಸ್ತೆ ಸುರಕ್ಷತೆಯ ಅಧ್ಯಯನ ಮಾಡುವ ಐಐಎಚ್‌ಎಸ್ ಸಂಸ್ಥೆ 2023ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ಬಾನೆಟ್ ಎತ್ತರ 40 ಇಂಚಿಗಿಂತ, ಅಂದರೆ ಸುಮಾರು ಒಂದು ಮೀಟರ್‌ಗಿಂತ, ಜಾಸ್ತಿ ಇರುವ ಗಾಡಿ ಪಾದಚಾರಿಗೆ ಗುದ್ದಿದಾಗ ಸಾವಿನ ಸಾಧ್ಯತೆ ತಗ್ಗು ಮೂತಿಯ ಕಾರಿಗಿಂತ ಸುಮಾರು 45 ಶೇಕಡಾ ಹೆಚ್ಚು. ಕಾರಣ ಅರ್ಥವಾಗುವಂಥದ್ದೇ. ತಗ್ಗು ಕಾರು ಕಾಲಿಗೆ ಹೊಡೆದು ಮನುಷ್ಯನನ್ನು ಬಾನೆಟ್ ಮೇಲೆ ಎತ್ತಿ ಹಾಕುತ್ತದೆ. ಎತ್ತರದ ನೇರ ಮೂತಿ ಎದೆಗೆ, ತಲೆಗೆ ಹೊಡೆಯುತ್ತದೆ. ಮಗುವಾದರೆ ಕೇಳುವುದೇ ಬೇಡ.

ಶೋರೂಮಿಗೆ ಹೋದಾಗ ಒಂದು ಕೆಲಸ ಮಾಡಿ. ನಿಮ್ಮ ಹೆಂಡತಿ ಡ್ರೈವರ್ ಸೀಟಿನಲ್ಲಿ ಕೂರಲಿ. ನಿಮ್ಮ ಚಿಕ್ಕ ಮಗುವಿನಷ್ಟು ಎತ್ತರದ ಯಾವುದಾದರೂ ವಸ್ತುವನ್ನು ಬಂಪರ್ ಮುಂದೆ ಇಟ್ಟು, ಅದು ಅವರಿಗೆ ಕಾಣುವವರೆಗೆ ನಿಧಾನಕ್ಕೆ ಗಾಡಿಯಿಂದ ದೂರ ಸರಿಸುತ್ತಾ ಹೋಗಿ. ಎಷ್ಟು ದೂರದಲ್ಲಿ ಕಂಡಿತು ಅನ್ನುವುದನ್ನು ಅಳೆಯಿರಿ. ಕ್ಯಾಮೆರಾ ಇದೆ ಅನ್ನುತ್ತಾರೆ, ಆದರೆ ಕೆಸರು ಎರಚಿದ ಲೆನ್ಸಿನಲ್ಲಿ ಏನೂ ಕಾಣಲ್ಲ. ಅಂಗಳದಲ್ಲಿ ಮಕ್ಕಳು ಆಡುವ ಮನೆಗೆ ಈ ಅಳತೆ ಬಹಳ ಮುಖ್ಯ.

ಮೈಸೂರಿನಲ್ಲಿರುವ ಸೋಮವಾರಪೇಟೆಯವ:

ಟೀಚರ್ ಹೇಳಿದ್ದು ನೂರಕ್ಕೆ ನೂರು ಸರಿ. ಭಾರದ ವಿಷಯದಲ್ಲಿ ಪೊನ್ನಂಪೇಟೆ ಅಣ್ಣ ಹೇಳಿದ್ದೂ ಸರಿಯೇ, ಆದರೆ ಅದು ಅರ್ಧ ಮಾತ್ರ.

ಎರಡು ಗಾಡಿ ಎದುರಾಗಿ ಗುದ್ದಿದರೆ ಭಾರದ ಗಾಡಿಗೆ ಲಾಭ, ಒಪ್ಪುತ್ತೇನೆ. ಆದರೆ ನಮ್ಮ ರಸ್ತೆಯಲ್ಲಿ ಎದುರಿಗೆ ಬರುವುದು ಬರೀ ಆಲ್ಟೊ ಅಲ್ಲ. ಬಸ್, ಮರದ ಲಾರಿ, ಮರಳಿನ ಟಿಪ್ಪರ್ ಬರುತ್ತವೆ. ಅವುಗಳ ಮುಂದೆ ಎರಡು ಟನ್ ಏನೂ ಅಲ್ಲ. ಎದುರು ಯಾರೂ ಇಲ್ಲದೆ ತಿರುವಿನಲ್ಲಿ ಜಾರಿ ಸಿಲ್ವರ್ ಓಕ್ ಮರಕ್ಕೆ ಗುದ್ದಿದರೆ ನಿಮ್ಮ ಭಾರ ನಿಮ್ಮನ್ನು ಕಾಪಾಡಲ್ಲ. ಅದೇ ವೇಗದಲ್ಲಿ ಒಂದು ಟನ್ ಕಾರಿನ ಎರಡರಷ್ಟು ಶಕ್ತಿಯನ್ನು ನಿಮ್ಮ ಗಾಡಿಯ ಮುಂಭಾಗವೇ ನುಂಗಬೇಕು. ನುಂಗುವ ಹಾಗೆ ಕಟ್ಟಿದ್ದಾರಾ ಅನ್ನುವುದೇ ಪ್ರಶ್ನೆ.

ಅದು ಗಾತ್ರ ನೋಡಿ ಗೊತ್ತಾಗಲ್ಲ. 2016ರಲ್ಲಿ, ಗಾಡಿಗಳನ್ನು ಗುದ್ದಿಸಿ ನೋಡಿ ಸೇಫ್ಟಿಗೆ ಐದರವರೆಗೆ ಸ್ಟಾರ್ ಕೊಡುವ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆ ಮಾಡಿದಾಗ ಏರ್‌ಬ್ಯಾಗ್ ಇಲ್ಲದ ಆಗಿನ ಸ್ಕಾರ್ಪಿಯೊಗೆ ಬಂದದ್ದು ಸೊನ್ನೆ ಸ್ಟಾರ್. ನೋಡಲು ಎಷ್ಟು ಗಟ್ಟಿ ಗಾಡಿ ಅದು! 2018ರ ಕೊನೆಯಲ್ಲಿ ನೆಕ್ಸಾನ್‌ಗೆ ಐದು ಸ್ಟಾರ್ ಬಂತು, ಅದು ನಾಲ್ಕು ಮೀಟರ್ ಉದ್ದದ ಒಳಗಿನ ಗಾಡಿ. ಆಮೇಲೆ ಕಂಪನಿಗಳೂ ಎಚ್ಚೆತ್ತವು. 2022ರಲ್ಲಿ ಸ್ಕಾರ್ಪಿಯೊ ಎನ್‌ಗೆ ಐದು ಸ್ಟಾರ್ ಬಂತು, ಒಂದೇ ಹೆಸರಿನಲ್ಲಿ ಸೊನ್ನೆಯೂ ಐದೂ. ಹಾಗಾಗಿ ಹೆಸರು ನೋಡಬೇಡಿ, ಯಾವ ವರ್ಷದ, ಯಾವ ಮಾದರಿ ಅನ್ನುವುದನ್ನು ನೋಡಿ. 2023ರ ಅಕ್ಟೋಬರ್‌ನಿಂದ ನಮ್ಮದೇ ಭಾರತ್ ಎನ್‌ಕ್ಯಾಪ್ ಇದೆ, ಮೊದಲ ಫಲಿತಾಂಶ ಬಂದದ್ದು ಹ್ಯಾರಿಯರ್, ಸಫಾರಿಗೆ, ಎರಡಕ್ಕೂ ಐದು ಸ್ಟಾರ್.

ಒಂದು ಎಚ್ಚರಿಕೆ. ಈ ಪರೀಕ್ಷೆಯಲ್ಲಿ 64 ಕಿಲೋಮೀಟರ್ ವೇಗದಲ್ಲಿ ಗಾಡಿಯ ಮುಂಭಾಗದ ಒಂದು ಬದಿಯನ್ನು ಕುಗ್ಗುವ ತಡೆಗೆ ಗುದ್ದಿಸುತ್ತಾರೆ. ಅದು ಹೆಚ್ಚುಕಮ್ಮಿ ತನ್ನಷ್ಟೇ ತೂಕದ ಇನ್ನೊಂದು ಗಾಡಿಗೆ ಗುದ್ದಿದ ಹಾಗೆ. ಆದ್ದರಿಂದ ಸಣ್ಣ ಕಾರಿನ ಐದು ಸ್ಟಾರನ್ನು ದೊಡ್ಡ ಗಾಡಿಯ ಐದು ಸ್ಟಾರ್ ಪಕ್ಕ ಇಟ್ಟು ಸಮ ಅನ್ನಲು ಬರಲ್ಲ. ಒಂದೇ ವರ್ಗದ ಗಾಡಿಗಳ ನಡುವೆ ಆರಿಸಲು ಮಾತ್ರ ಅದು ಉಪಯೋಗ.

ಪಲ್ಟಿ ವಿಷಯವನ್ನು ಯಾರೂ ಎತ್ತಲಿಲ್ಲ. ಎತ್ತರದ ಗಾಡಿಗೆ ಅದೇ ದೊಡ್ಡ ಅಪಾಯ. ಚಕ್ರಗಳ ನಡುವಿನ ಅಗಲಕ್ಕೆ ಹೋಲಿಸಿದರೆ ಭಾರ ಎಷ್ಟು ಮೇಲಿದೆಯೋ ಅಷ್ಟು ಬೇಗ ಮಗುಚುತ್ತದೆ. ಅಮೆರಿಕದಲ್ಲಿ ಫೋರ್ಡ್ ಎಕ್ಸ್‌ಪ್ಲೋರರ್ ಎಸ್‌ಯುವಿಗಳ ಫೈರ್‌ಸ್ಟೋನ್ ಟಯರಿನ ಮೇಲ್ಪದರ ಕಿತ್ತು ಬಂದು ಗಾಡಿಗಳು ಪಲ್ಟಿಯಾಗಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು, 2000ದಲ್ಲಿ ಸುಮಾರು 65 ಲಕ್ಷ ಟಯರ್ ವಾಪಸ್ ಕರೆಸಿಕೊಳ್ಳಬೇಕಾಯಿತು. ಟಯರ್ ಕೆಟ್ಟದ್ದು ಒಂದು, ಗಾಳಿ ಕಮ್ಮಿ ಇಟ್ಟದ್ದು ಒಂದು, ಗಾಡಿ ಎತ್ತರ ಇದ್ದದ್ದು ಒಂದು. ಆಮೇಲೆ ಹೆಚ್ಚು ಗಾಡಿಗಳಿಗೆ ಇಎಸ್‌ಸಿ ಬಂತು. ಗಾಡಿ ಅಡ್ಡ ಜಾರಲು ಶುರುವಾದರೆ ಬೇಕಾದ ಚಕ್ರಕ್ಕೆ ಮಾತ್ರ ತಾನೇ ಬ್ರೇಕ್ ಹಾಕಿ ನೇರ ಮಾಡುವ ವ್ಯವಸ್ಥೆ. ಅದರಿಂದ ಎಸ್‌ಯುವಿ ಪಲ್ಟಿಗಳು ಬಹಳ ಕಮ್ಮಿಯಾದವು. ನಿಮಗೆ ಸನ್‌ರೂಫ್ ಬೇಡ, ಲೆದರ್ ಸೀಟ್ ಬೇಡ, ಇಎಸ್‌ಸಿ ಇಲ್ಲದ ಗಾಡಿ ಮಾತ್ರ ಎಷ್ಟೇ ಅಗ್ಗಕ್ಕೆ ಬಂದರೂ ಬೇಡ.

ಸಂಪಾಜೆ ಘಾಟಿ:

ಟೂರಿಸ್ಟ್ ಗಾಡಿ ಓಡಿಸುತ್ತೇನೆ, ಮಂಗಳೂರು, ಕಣ್ಣೂರು, ಮೈಸೂರು ಎಲ್ಲ ಕಡೆ. ನನ್ನದು ಚಿಕ್ಕ ಮಾತು, ಆದರೆ ಇದನ್ನು ಕೇಳಿಸಿಕೊಳ್ಳಿ.

ಫೋರ್ ವೀಲ್ ಡ್ರೈವ್ ಇರುವುದು ಹತ್ತಿಸಲು. ನಿಲ್ಲಿಸಲು ಅಲ್ಲ. ಬ್ರೇಕ್ ಎಲ್ಲ ಗಾಡಿಗೂ ನಾಲ್ಕೇ ಚಕ್ರಕ್ಕೆ. ಮಳೆಯಲ್ಲಿ ಮಾಕುಟ್ಟ ಘಾಟಿ ಇಳಿಯುವಾಗ ದೊಡ್ಡ ಗಾಡಿಯವರು ತಮಗೆ ಏನೂ ಆಗಲ್ಲ ಅಂತ ಬರುತ್ತಾರೆ ನೋಡಿ, ನಮಗೆ ಭಯ ಅವರದ್ದೇ. ಎರಡು ಟನ್ ಗಾಡಿಯನ್ನು ಉದ್ದಕ್ಕೂ ಬ್ರೇಕ್ ಒತ್ತಿಯೇ ಇಳಿಸಿದರೆ ಪ್ಯಾಡ್ ಕಾದು ವಾಸನೆ ಬರುತ್ತದೆ, ಆಮೇಲೆ ಪೆಡಲ್ ಒತ್ತಿದರೂ ಹಿಡಿಯಲ್ಲ. ಹತ್ತಿದ ಗೇರಿನಲ್ಲೇ ಇಳಿಯಬೇಕು, ಆಟೋಮ್ಯಾಟಿಕ್ ಇದ್ದರೆ ಮ್ಯಾನುವಲ್ ಮೋಡ್‌ಗೆ ಹಾಕಿ ಗೇರ್ ಹಿಡಿದಿಡಬೇಕು. ಏರು ಹತ್ತುತ್ತಿರುವವರಿಗೆ ದಾರಿ ಬಿಡಬೇಕು ಅನ್ನುವುದು ಕಾನೂನಿನಲ್ಲೇ ಇದೆ, ಈಗ ಯಾರೂ ಬಿಡಲ್ಲ, ಲೈಟ್ ಹೊಡೆಯುತ್ತಾರೆ.

ಭಾಗಮಂಡಲದ ಕಡೆ ನೀರು ಬಂದಾಗಲೂ ಇದೇ. ಥಾರ್‌ಗೆ 650 ಮಿಲಿಮೀಟರ್ ನೀರಿನಲ್ಲಿ ಹೋಗಬಹುದು ಅಂತ ಕಂಪನಿ ಹೇಳುತ್ತದೆ, ನಿಜ, ಆದರೆ ರಭಸವಾಗಿ ಹರಿಯುವ ನೀರಿನ ಮಾತೇ ಬೇರೆ. ಎರಡು ಅಡಿ ಹರಿವ ನೀರು ದೊಡ್ಡ ಎಸ್‌ಯುವಿಯನ್ನೂ ತೇಲಿಸಿಕೊಂಡು ಹೋಗುತ್ತದೆ. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಹತ್ತಿರ ಗುಡ್ಡ ಬಂದು ರಸ್ತೆಯೇ ಹೋಯಿತು, ಆಗ ಯಾವ ಗಾಡಿ ಏನು ಮಾಡಿತು? ಮಳೆಗಾಲದಲ್ಲಿ ಮನೆಯಲ್ಲಿ ಇರುವುದೂ ಒಂದು ಸೇಫ್ಟಿ.

ಕೊನೆಗೆ ಬೆಲ್ಟ್. ಹಿಂದೆ ಕೂತವರು ಯಾರೂ ಹಾಕಲ್ಲ. ದೊಡ್ಡ ಗಾಡಿಯಲ್ಲಂತೂ ಮನೆಯ ಸೋಫಾದ ಹಾಗೆ ಕೂರುತ್ತಾರೆ. 2022ರ ಸೆಪ್ಟೆಂಬರ್ 4ರಂದು ಸೈರಸ್ ಮಿಸ್ತ್ರಿ ತೀರಿಕೊಂಡದ್ದು ಮರ್ಸಿಡಿಸ್ ಎಸ್‌ಯುವಿಯಲ್ಲಿ. ಹಿಂದೆ ಬೆಲ್ಟ್ ಇಲ್ಲದೆ ಕೂತಿದ್ದ ಇಬ್ಬರೂ ಹೋದರು, ಮುಂದೆ ಕೂತಿದ್ದ ಇಬ್ಬರೂ ಬದುಕಿದರು. ನಿಮ್ಮ ಅಮ್ಮ, ಮಕ್ಕಳು ಹಿಂದೆ ಕೂರುವವರು. ಯಾವ ಗಾಡಿ ತಗೊಂಡರೂ ಹಿಂದಿನ ಬೆಲ್ಟ್ ಹಾಕಿದ ಮೇಲೆಯೇ ಗೇರ್ ಹಾಕಿ.

ಪೊನ್ನಂಪೇಟೆ ಫೋರ್ ಬೈ ಫೋರ್:

ಬೆಲ್ಟ್ ವಿಷಯದಲ್ಲಿ ಎರಡು ಮಾತಿಲ್ಲ. ಟೀಚರ್ ಹೇಳಿದ್ದಕ್ಕೂ ನನ್ನ ಹತ್ತಿರ ಉತ್ತರ ಇಲ್ಲ, ಮಕ್ಕಳು ಕಂಡರೆ ನಿಧಾನ ಮಾಡುವುದು ಡ್ರೈವರ್ ಜವಾಬ್ದಾರಿ. ಆದರೆ ವೀಕೆಂಡ್‌ನಲ್ಲಿ ಹೊರಗಿನಿಂದ ಬಂದು ಹಾರ್ನ್ ಹೊಡೆಯುವವರನ್ನೂ, ಇಲ್ಲೇ ಹುಟ್ಟಿ ಈ ತಿರುವುಗಳಲ್ಲೇ ಓಡಿಸಿ ಕಲಿತವರನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ರಾತ್ರಿ ಹನ್ನೊಂದಕ್ಕೆ ಅಮ್ಮನಿಗೆ ಎದೆನೋವು ಬಂದರೆ, ಸುರಿವ ಮಳೆಯಲ್ಲಿ ಮೈಸೂರಿಗೋ ಮಂಗಳೂರಿಗೋ ಓಡಬೇಕಾದರೆ, ಅವರನ್ನು ಮಲಗಿಸಿಕೊಂಡು ಹೋಗುವಷ್ಟು ಜಾಗ, ಕೆಸರು ದಾಟುವ ಧೈರ್ಯ ಕೊಡುವ ಗಾಡಿ ಬೇಕು. ನಮ್ಮ ಜಿಲ್ಲೆಯಲ್ಲಿ ದೊಡ್ಡ ಗಾಡಿಗೆ ಇದೂ ಒಂದು ಕಾರಣ. ಬರೀ ಶೋಕಿ ಅನ್ನಬೇಡಿ.

ಅಮ್ಮತ್ತಿ ಟೀಚರ್:

ಶೋಕಿ ಅಂತ ನಾನು ಅನ್ನಲಿಲ್ಲ. ಆಸ್ಪತ್ರೆಯ ಮಾತು ಸರಿಯಾಗಿಯೇ ಹೇಳಿದಿರಿ, ನಮಗೆಲ್ಲ ಆ ಭಯ ಇದೆ. ಆದರೆ ಮಂಡಿ ನೋವಿರುವ ಅಮ್ಮ ಆ ಗಾಡಿಗೆ ಹತ್ತುವುದು ಹೇಗೆ? ನಮ್ಮತ್ತೆಯನ್ನು ನೆಂಟರ ದೊಡ್ಡ ಗಾಡಿಗೆ ಹತ್ತಿಸುವಾಗ ನೋಡಿದ್ದೇನೆ. ಒಂದು ಕೈಯಲ್ಲಿ ಸೀರೆ ನೆರಿಗೆ, ಇನ್ನೊಂದು ಕೈಯಲ್ಲಿ ಮೇಲಿನ ಹಿಡಿ, ಫುಟ್‌ಸ್ಟೆಪ್ ಮೇಲೆ ಕಾಲಿಟ್ಟರೆ ಮಂಡಿ ಎದ್ದೇಳಲ್ಲ. ಹಿಂದಿನಿಂದ ಒಬ್ಬರು ತಳ್ಳಬೇಕು, ಒಳಗಿನಿಂದ ಒಬ್ಬರು ಎಳೆಯಬೇಕು. ಇಳಿಯುವಾಗ ಇನ್ನೂ ಕಷ್ಟ, ನೆಲ ಎಲ್ಲಿದೆ ಅಂತ ಕಾಲಿಗೆ ಸಿಗಲ್ಲ. ಅದಾದ ಮೇಲೆ ಅವರು ಮದುವೆಗೂ ಬರಲ್ಲ ಅಂದುಬಿಟ್ಟರು. ಅಮ್ಮನನ್ನು ಕರೆದುಕೊಂಡು ಹೋಗಿ, ಅವರೇ ಹತ್ತಿ ಇಳಿದು ನೋಡಲಿ, ಆಮೇಲೆ ದುಡ್ಡು ಕಟ್ಟಿ.

ಗೋಣಿಕೊಪ್ಪ ಸ್ಪ್ಯಾನರ್:

ಟೀಚರ್ ಮಾತಿಗೆ ಒಂದು ಸೇರಿಸುತ್ತೇನೆ. ದೊಡ್ಡ ಗಾಡಿ ತಗೊಂಡವರು ಮೊದಲು ಮಾಡಿಸುವುದು ಮುಂದೆ ಕಬ್ಬಿಣದ ಬುಲ್ ಬಾರ್. ಅದು ಬೇಡವೇ ಬೇಡ. 2017ರ ಡಿಸೆಂಬರ್‌ನಲ್ಲೇ ಕೇಂದ್ರ ಸರ್ಕಾರ ಅದರ ವಿರುದ್ಧ ಕ್ರಮಕ್ಕೆ ಹೇಳಿದೆ. ದಂಡ ಒಂದು ಕಡೆ ಇರಲಿ, ಗುದ್ದಿದ ಪೆಟ್ಟು ನೇರ ಚಾಸಿಸ್‌ಗೆ ಹೋಗುತ್ತದೆ, ಏರ್‌ಬ್ಯಾಗ್ ಸೆನ್ಸರ್‌ಗೆ ಸರಿಯಾದ ಸಮಯಕ್ಕೆ ಗೊತ್ತಾಗದೆ ಹೋಗಬಹುದು. ಐದು ಸ್ಟಾರ್ ಗಾಡಿಗೆ ಕಬ್ಬಿಣ ಕಟ್ಟಿದ ಮೇಲೆ ಆ ಸ್ಟಾರ್‌ಗೆ ಬೆಲೆ ಇಲ್ಲ.

ಹಾಗೇ ಟಯರ್. ನೋಡಲು ಚೆಂದ ಅಂತ ದಪ್ಪ ಗುಬ್ಬಿಯ ಮಡ್ ಟಯರ್ ಹಾಕಿಸುತ್ತಾರೆ. ಕೆಸರಲ್ಲಿ ಚೆನ್ನಾಗಿ ಹಿಡಿಯುತ್ತದೆ, ಒದ್ದೆ ಡಾಂಬರಿನಲ್ಲಿ ಜಾರುತ್ತದೆ. ನೀವು ಓಡಿಸುವುದು ಬಹುಪಾಲು ಒದ್ದೆ ಡಾಂಬರಿನಲ್ಲೇ ಅಲ್ವಾ. ಕೆಸರಿಗೂ ಡಾಂಬರಿಗೂ ಆಗುವ ಆಲ್ ಟೆರೇನ್ ಟಯರ್ ಸಾಕು.

ನಾಪೋಕ್ಲು ರೊಬಸ್ಟಾ:

ಎಲ್ಲರಿಗೂ ಥ್ಯಾಂಕ್ಸ್. ಇಷ್ಟು ವಿವರವಾಗಿ ಬರೆಯುತ್ತೀರಿ ಅಂತ ಅಂದುಕೊಂಡಿರಲಿಲ್ಲ. ಹೆಂಡತಿಗೆ ಪೂರ್ತಿ ಓದಿ ಹೇಳಿದೆ. ಅಗಲದ ಲೆಕ್ಕ ಕೇಳಿ ಅವಳೇ ಟೇಪ್ ತೆಗೆದುಕೊಂಡು ಹೋಗಿ ನಮ್ಮ ಗೇಟು, ಮೋರಿ ಎರಡನ್ನೂ ಅಳೆದಳು. ಮೋರಿ ಮೇಲೆ ಫಾರ್ಚುನರ್ ಹೋಗುತ್ತದೆ, ಆದರೆ ತಿರುಗಿಸಿ ಗೇಟಿಗೆ ಒಂದೇ ಸಲಕ್ಕೆ ಹಾಕಲು ಬರಲ್ಲ.

ತೆರಿಗೆ ವಿಚಾರಿಸಿದೆ. ಇಪ್ಪತ್ತು ಲಕ್ಷದ ಮೇಲಿನ ಗಾಡಿಗೆ ನಮ್ಮ ರಾಜ್ಯದಲ್ಲಿ ಲೈಫ್ ಟ್ಯಾಕ್ಸ್ 18 ಶೇಕಡಾ, ಅದರ ಮೇಲೆ ಸೆಸ್ ಬೇರೆ. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಗಾಡಿಗಳ ಜಿಎಸ್‌ಟಿ, ಸೆಸ್ ಎಲ್ಲ ಸೇರಿ 50ರಿಂದ 40 ಶೇಕಡಾಕ್ಕೆ ಇಳಿದರೂ ನಮಗೆ ಇದು ದೊಡ್ಡ ಮೊತ್ತವೇ. ಆ ಟ್ಯಾಕ್ಸ್ ದುಡ್ಡಲ್ಲಿ ಮನೆ ದಾರಿಯ ಏರಿಗೆ ಕಾಂಕ್ರೀಟ್ ಹಾಕಿಸಬಹುದು ಅಂತ ಹೆಂಡತಿ ಲೆಕ್ಕ ತೋರಿಸಿದಳು. ಅದು ನನಗೆ ಬಹಳ ಸರಿ ಅನಿಸಿತು. ಏರು ಸರಿಯಾದರೆ ಅಮ್ಮನಿಗೂ, ಕೊಯ್ಲಿಗೆ ಬರುವವರಿಗೂ, ಲೋಡ್ ಹೊರುವ ಪಿಕಪ್‌ಗೂ ಉಪಯೋಗ.

ಈಗ ನೋಡುತ್ತಿರುವುದು ನಡುವಿನ ಗಾತ್ರದ ಪೆಟ್ರೋಲ್ ಗಾಡಿ. ಹೈರೈಡರ್, ಗ್ರ್ಯಾಂಡ್ ವಿಟಾರಾದಲ್ಲಿ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಮಾದರಿ ಇದೆ, 1,795 ಮಿಲಿಮೀಟರ್ ಅಗಲ. ಲೋ ಗೇರ್ ಇಲ್ಲ, ಆದರೆ ಕಾಂಕ್ರೀಟ್ ಆದ ಮೇಲೆ ನಮಗೆ ಅದು ಬೇಕಾಗಲ್ಲ. ಸಣ್ಣ ಫೋರ್ ಬೈ ಫೋರ್ ಜಿಮ್ನಿ ನನಗೆ ಇಷ್ಟ, ಆದರೆ ಹಿಂದೆ ಅಮ್ಮನಿಗೆ, ಮಕ್ಕಳಿಗೆ ಇಕ್ಕಟ್ಟು. ಭಾವ ಮಾತ್ರ ಹಟ ಬಿಟ್ಟಿಲ್ಲ, ಅವರಿಗೆ ಗೊತ್ತಿರುವ ಒಂದು ಸೆಕೆಂಡ್ ಹ್ಯಾಂಡ್ ದೊಡ್ಡ ಡೀಸೆಲ್ ಫೋರ್ ಬೈ ಫೋರ್ ನೋಡಿ ಬಾ ಅನ್ನುತ್ತಿದ್ದಾರೆ. ಕಡಿಮೆ ಓಡಿದೆ, ಮಡಿಕೇರಿಯಲ್ಲೇ ಇದೆಯಂತೆ. ಭಾನುವಾರ ಅಮ್ಮನನ್ನೂ ಹೆಂಡತಿಯನ್ನೂ ಕರೆದುಕೊಂಡು ಹೋಗಿ ಎರಡೂ ಥರದ್ದು ನೋಡುತ್ತೇವೆ. ಆ ಹಳೇ ಗಾಡಿಯಲ್ಲಿ ಏನೇನು ನೋಡಬೇಕು?

ಗೋಣಿಕೊಪ್ಪ ಸ್ಪ್ಯಾನರ್:

ಕಾಂಕ್ರೀಟ್ ಯೋಚನೆ ಬಹಳ ಒಳ್ಳೆಯದು, ಅಕ್ಕನಿಗೆ ನನ್ನ ಕಡೆಯಿಂದ ಹೇಳಿ. ಇಳಿಜಾರಿನಲ್ಲಿ ನುಣ್ಣಗೆ ಹಾಕಿಸಬೇಡಿ, ಅಡ್ಡಗೆರೆ ಹೊಡೆಸಿ, ಇಲ್ಲದಿದ್ದರೆ ಪಾಚಿ ಕಟ್ಟಿ ಜಾರುತ್ತದೆ.

ಹಳೇ ಗಾಡಿ ಬಗ್ಗೆ. ಕಡಿಮೆ ಓಡಿದೆ, ಮಡಿಕೇರಿಯಲ್ಲೇ ಇತ್ತು ಅಂದರೆ ನಾನು ಖುಷಿಪಡಲ್ಲ. ಬಿಎಸ್ 6 ಡೀಸೆಲ್ ಆದರೆ ಬರೀ ಊರೊಳಗೆ ಓಡಿರಬಹುದು, ಹಾಗಾಗಿ ಮೊದಲು ಆಯಿಲ್ ಕಡ್ಡಿ ಎಳೆದು ನೋಡಿ, ಮೂಸಿ. ಸರ್ವಿಸ್ ದಾಖಲೆಯಲ್ಲಿ ಡಿಪಿಎಫ್ ಕೆಲಸ ಎಷ್ಟು ಸಲ ಬಂದಿದೆ ಕೇಳಿ. ಅಡಿಯಲ್ಲಿ ಫ್ರೇಮ್ ಒಳಬದಿ, ಹಿಂದಿನ ಚಕ್ರದ ಮೇಲ್ಗಡೆ ಟಾರ್ಚ್ ಹಾಕಿ ತುಕ್ಕು ನೋಡಿ, ನಮ್ಮ ಮಳೆಗೆ ಅಲ್ಲಿ ಮಣ್ಣು ಕೂತು ಒಳಗಿಂದಲೇ ತಿನ್ನುತ್ತದೆ. ಹೊಸದಾಗಿ ಕಪ್ಪು ಬಣ್ಣ ಬಳಿದಿದ್ದರೆ ಇನ್ನೂ ಜಾಸ್ತಿ ಅನುಮಾನ ಪಡಿ. ಫೋರ್ ಬೈ ಫೋರ್ ನಾಬ್ ತಿರುಗಿಸಿ, ಲೋ ಗೇರ್ ಬೀಳುತ್ತದಾ ಅಂತ ಮಣ್ಣಿನ ದಾರಿಯಲ್ಲೇ ಪರೀಕ್ಷೆ ಮಾಡಿ, ಒಣ ಡಾಂಬರಿನಲ್ಲಿ ಹಾಕಿ ತಿರುಗಿಸಬೇಡಿ.

ಟಯರ್ ಗುಬ್ಬಿ ಚೆನ್ನಾಗಿದೆ ಅಂತ ನಂಬಬೇಡಿ. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, 2319 ಅಂತ ಇದ್ದರೆ 2019ರ 23ನೇ ವಾರದಲ್ಲಿ ಆದ ಟಯರ್. ಕಮ್ಮಿ ಓಡಿದ ಗಾಡಿಯಲ್ಲಿ ಗುಬ್ಬಿ ಉಳಿದಿರುತ್ತದೆ, ರಬ್ಬರ್ ಮಾತ್ರ ಗಟ್ಟಿಯಾಗಿರುತ್ತದೆ, ಮಳೆಯಲ್ಲಿ ಹಿಡಿಯಲ್ಲ. ಐದು ಟಯರ್ ಹೊಸದು ಹಾಕಿಸುವ ಖರ್ಚನ್ನು ಬೆಲೆಯಲ್ಲಿ ಇಳಿಸಿಕೊಳ್ಳಿ.

ಭಾನುವಾರ ಎಷ್ಟು ಹೊತ್ತಿಗೆ ಹೋಗುತ್ತೀರಿ ಅಂತ ಮೆಸೇಜ್ ಹಾಕಿ. ಬೆಳಿಗ್ಗೆ ನನಗೂ ಮಡಿಕೇರಿಯಲ್ಲಿ ಕೆಲಸ ಇದೆ, ಅಡಿಗೆ ಮಲಗಿ ನೋಡಲು ಬರುತ್ತೇನೆ.